ಮಳೆ ಕಾಣದ ಕರಾವಳಿಯಲ್ಲಿ ಮಂಜು ಕುಡಿಯುವ ಕಳ್ಳಿ

ಕರಕುಶಲ ವಸ್ತುಗಳ ಮೇಳಗಳಲ್ಲಿ ಮಳೆಗೋಲು ಎಂಬ ಆಟಿಕೆಯಂಥ ವಾದ್ಯವೊಂದು ಮಾರಾಟಕ್ಕಿರುತ್ತದೆ. ಎರಡೂ ತುದಿ ಮುಚ್ಚಿದ ಟೊಳ್ಳು ಕೋಲು. ಮೆಲ್ಲಗೆ ತಲೆಕೆಳಗು ಮಾಡಿದರೆ ಒಳಗಿನ ಸಣ್ಣ ಕಲ್ಲುಗಳು ತಡೆದು ತಡೆದು ಉರುಳಿ, ಮಳೆ ಹಿಡಿದ ಸದ್ದು ಕೇಳಿಸುತ್ತದೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಬಿದಿರಿನದು. ದಕ್ಷಿಣ ಅಮೆರಿಕದ ಚಿಲಿ ದೇಶದ ಉತ್ತರ ಭಾಗದಲ್ಲಿ ಅದನ್ನು ಒಣಗಿ ಸತ್ತ ಕಳ್ಳಿಯ ಕಾಂಡದಿಂದ ಮಾಡುತ್ತಾರೆ. ಒಳಗಿನ ತಿರುಳು ತೆಗೆದು, ಮೈಮೇಲಿನ ಮುಳ್ಳುಗಳನ್ನೇ ಕಿತ್ತು, ಹೊರಗಿನಿಂದ ಒಳಕ್ಕೆ ಬಡಿದು ಕೂರಿಸುತ್ತಾರೆ. ಕಲ್ಲು ಆ ಮುಳ್ಳುಗಳಿಗೆ ತಾಗುತ್ತ ಇಳಿಯುವಾಗ ಹುಟ್ಟುವುದೇ ಆ ಸದ್ದು. ಅಳತೆಗೆ ಸಿಗುವಷ್ಟು ಮಳೆಯೂ ಅಪರೂಪವಾಗಿರುವ ಸೀಮೆಯ ನೆರೆಯಲ್ಲಿ, ಹೆಚ್ಚು ಮಳೆ ಬೇಡದ ಗಿಡದಿಂದ, ಮಳೆಯ ಸದ್ದಿನ ವಾದ್ಯ!

ಈ ಕೋಲಿಗೆ ಬಳಸುವ ಕಳ್ಳಿಗಳಲ್ಲಿ ಮುಖ್ಯವಾದದ್ದು ಯುಲಿಕ್ನಿಯಾ ಎಂಬ ಕುಲಕ್ಕೆ ಸೇರಿದೆ. ಬುಡದಿಂದಲೇ ಹಲವು ಕೊಂಬೆಗಳಾಗಿ ಒಡೆದು ಪೊದೆಯಾಗುವ, ಬಿಳಿ ಹೂ ಬಿಡುವ, ಕಡಲಂಚಿನ ಗುಡ್ಡಗಳಲ್ಲಿ ಬಾಳುವ ಕಳ್ಳಿ ಇದು. ಸಂಗ್ರಹಕಾರರು ಇದಕ್ಕಾಗಿ ಹಾತೊರೆಯುವುದಿಲ್ಲ. ಕುಂಡದಲ್ಲಿಟ್ಟು ತೋರಿಸುವಷ್ಟು ಚಿಕ್ಕದಲ್ಲ, ಫೋಟೊಗೆ ನಿಲ್ಲಿಸುವಷ್ಟು ಚೆಲುವೂ ಅಲ್ಲ. ಆದರೆ ಜಗತ್ತಿನ ಅತ್ಯಂತ ಒಣ ಕರಾವಳಿಯಲ್ಲಿ ಮೋಡ ಎಲ್ಲಿ ನಿಲ್ಲುತ್ತಿತ್ತು, ಈಗ ಎಲ್ಲಿ ನಿಲ್ಲುತ್ತಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ಗಿಡದ ಬದುಕು ಮತ್ತು ಸಾವನ್ನು ಓದಬೇಕು. ಅಲ್ಲಿ ಹವಾಮಾನ ಕೇಂದ್ರಗಳು ಬೆರಳೆಣಿಕೆಯಷ್ಟು. ಕಳ್ಳಿಗಳು ಮಾತ್ರ ಗುಡ್ಡ ಗುಡ್ಡದಲ್ಲೂ ಇವೆ.

ಯಾವ ಕಳ್ಳಿ ಇದು?

ಕಳ್ಳಿ ಎಂದಾಗ ಕನ್ನಡಿಗರ ಕಣ್ಣಿಗೆ ಮೊದಲು ಬರುವುದು ಹೊಲದ ಬೇಲಿಯ ಗಿಡ. ಮುರಿದರೆ ಹಾಲು ಸುರಿಸುವ ಆ ಕಳ್ಳಿಗಳು ಬೇರೆ ಕುಟುಂಬದವು. ಕ್ಯಾಕ್ಟಸ್ ಕುಟುಂಬದ ತವರು ಅಮೆರಿಕ ಖಂಡಗಳು. ನಮ್ಮ ಪಾಪಾಸುಕಳ್ಳಿ ಅಲ್ಲಿಂದ ಬಂದದ್ದು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಮಳೆಗಾಲದ ಒಂದು ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುವ, ಅಕ್ಕಪಕ್ಕದವರನ್ನು ಕರೆದು ತೋರಿಸುವ 'ಬ್ರಹ್ಮಕಮಲ'ವೂ ಕ್ಯಾಕ್ಟಸ್ಸೇ. ಈಚೆಗೆ ನಮ್ಮ ರೈತರು ಕಲ್ಲುಕಂಬಕ್ಕೆ ಹಬ್ಬಿಸಿ ಬೆಳೆಯುತ್ತಿರುವ ಡ್ರ್ಯಾಗನ್ ಫ್ರೂಟ್ ಕೂಡ. ಅವೆರಡರ ಹೂವೂ ಬಿಳಿ, ದೊಡ್ಡದು, ರಾತ್ರಿಯದು.

ಯುಲಿಕ್ನಿಯಾದ ಹೂವಿಗೆ ಅಷ್ಟು ವೈಭವವಿಲ್ಲ. ಮೋಟು ಕೊಳವೆಯ, ಅಗಲ ಬಾಯಿಯ ಬಿಳಿ ಹೂ. ಕೆಲವದರಲ್ಲಿ ನಸುಗೆಂಪಿನ ಛಾಯೆ. ಹಗಲಲ್ಲೂ ತೆರೆದಿರುತ್ತದೆ. ಹೂವಿಗಿಂತ ಅದರ ಬುಡವೇ ವಿಚಿತ್ರ. ಕೆಲವು ಪ್ರಭೇದಗಳಲ್ಲಿ ಮೊಗ್ಗು ಮತ್ತು ಕಾಯಿಯನ್ನು ದಟ್ಟ ಉಣ್ಣೆ ಸುತ್ತಿರುತ್ತದೆ, ಕೆಲವದರಲ್ಲಿ ಬಿರುಸು ಮುಳ್ಳುಗೂದಲು, ಇನ್ನೊಂದರಲ್ಲಿ ಬರೀ ಹುರುಪೆ. ಪ್ರಭೇದ ಯಾವುದೆಂದು ಗುರುತಿಸಲು ಸಸ್ಯವಿಜ್ಞಾನಿಗಳು ಮೊದಲು ನೋಡುವುದು ಈ ಹೊದಿಕೆಯನ್ನೇ.

ಈ ಕುಲಕ್ಕೆ ಹೆಸರಿಟ್ಟವರು ರುಡಾಲ್ಫ್ ಅಮಾಂಡಸ್ ಫಿಲಿಪ್ಪಿ. 1808ರಲ್ಲಿ ಬರ್ಲಿನ್ ಬಳಿ ಹುಟ್ಟಿದ ಅವರು 1851ರಲ್ಲಿ ಚಿಲಿಗೆ ಬಂದು ನೆಲೆಸಿದರು, ಸಾಂತಿಯಾಗೊದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ನಡೆಸಿದರು. ಚಿಲಿ ಸರ್ಕಾರದ ಅಪ್ಪಣೆಯ ಮೇಲೆ 1853-54ರಲ್ಲಿ ಅಟಕಾಮಾ ಮರುಭೂಮಿಯನ್ನು ಸುತ್ತಿ ಬಂದರು. ಆ ಪ್ರವಾಸದ ಗ್ರಂಥ 1860ರಲ್ಲಿ ಹೊರಬಂತು. ಯುಲಿಕ್ನಿಯಾ ಎಂಬ ಹೆಸರೂ ಆ ವರ್ಷದ್ದೇ. ಸರ್ಕಾರಕ್ಕೆ ಬೇಕಾಗಿದ್ದದ್ದು ಆ ಬೆಂಗಾಡಿನಲ್ಲಿ ಏನಿದೆ ಎಂಬ ಲೆಕ್ಕ. ಫಿಲಿಪ್ಪಿ ಜೊತೆಗೆ ಗಿಡಗಳ ಲೆಕ್ಕವನ್ನೂ ತಂದರು.

ಈ ಕುಲದಲ್ಲಿ ಎಷ್ಟು ಪ್ರಭೇದಗಳೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ನಕ್ಷೆಯಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದರೆ ಚಿತ್ರ ತಿಳಿಯಾಗುತ್ತದೆ. ದಕ್ಷಿಣದ ತುದಿಯಲ್ಲಿ, ಲೋಸ್ ಮೊಯೆಸ್ ಎಂಬ ಕಡಲೂರಿನ ಸುತ್ತಮುತ್ತ, ಯುಲಿಕ್ನಿಯಾ ಕಸ್ಟಾನಿಯ. ಆಳೆತ್ತರಕ್ಕೂ ಬಾರದ, ನೆಲಕ್ಕೊರಗಿ ಹರಡುವ ಪೊದೆ. ಅದರ ಮುಳ್ಳುಕಾಯಿ ಚೆಸ್ಟ್‌ನಟ್ಟಿನ ಕಾಯಿಯನ್ನು ಹೋಲುವುದರಿಂದ ಆ ಹೆಸರು. ಸಮುದ್ರದ ಉಪ್ಪುಗಾಳಿ ನೇರ ಬಡಿಯುವ ಬಂಡೆಗಳ ಮೇಲೂ ಅದು ಬೆಳೆಯುತ್ತದೆ. ಇನ್ನೂ ಉತ್ತರಕ್ಕೆ ಕೋಕಿಂಬೊ ಪ್ರದೇಶದಲ್ಲಿ ಯುಲಿಕ್ನಿಯಾ ಅಸಿಡಾ, ಹುಳಿ ಹಣ್ಣಿನದು. ಮಳೆಗೋಲಿಗೆ ಬಳಕೆಯಾಗುವುದು ಇದರ ಒಣಕಾಂಡ. ಕಡಲಂಚಿನಲ್ಲಿ ಮುಂದುವರಿದರೆ ಯುಲಿಕ್ನಿಯಾ ಬ್ರೆವಿಫ್ಲೋರಾ. ಅದರಾಚೆ ಚನ್ಯರಾಲ್, ತಾಲ್ತಾಲ್, ಪಪೋಸೊ, ಅಂತೊಫಗಾಸ್ತಾಗಳನ್ನು ದಾಟಿ ಇಕಿಕೆಯತ್ತ ಸಾಗುವ ಸೀಮೆ ಯುಲಿಕ್ನಿಯಾ ಇಕಿಕೆನ್ಸಿಸ್‌ನದು. ಅದು ಪೊದೆಯಾಗಿ ಹುಟ್ಟಿ, ಅನುಕೂಲವಿದ್ದಲ್ಲಿ ಮರದಷ್ಟೇ ಆಗಿಬಿಡುತ್ತದೆ. ಗಡಿ ದಾಟಿ ಪೆರುವಿನ ಚಾಲಾ ಬಳಿ, ಬಂಧುಗಳಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಯುಲಿಕ್ನಿಯಾ ರಿಟ್ಟೆರಿ ಒಂಟಿಯಾಗಿ ಉಳಿದಿದೆ. ದಕ್ಷಿಣದ ಗಿಡಕ್ಕೆ ಚಳಿಗಾಲದಲ್ಲಿ ಒಂದಷ್ಟು ಮಳೆಯಾದರೂ ಸಿಗುತ್ತದೆ. ಉತ್ತರಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ, ಕೊನೆಗೆ ಇಲ್ಲವೇ ಇಲ್ಲ ಎನ್ನುವ ಹಂತ ತಲುಪುತ್ತದೆ. ಕಳ್ಳಿ ಮಾತ್ರ ಮುಂದುವರಿಯುತ್ತದೆ. ಹೇಗೆ?

ಕಡಲಿದೆ, ಬೆಟ್ಟವಿದೆ, ಮಳೆಯಿಲ್ಲ

ನಮ್ಮ ಕರಾವಳಿಯ ಪಾಠ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗೋಡೆಯಂಥ ಘಟ್ಟ, ನಡುವೆ ಕಿರಿದಾದ ನೆಲ: ಮಂಗಳೂರು, ಕಾರವಾರಗಳ ಲಕ್ಷಣ ಇದು. ಉತ್ತರ ಚಿಲಿಯ ಲಕ್ಷಣವೂ ಅಕ್ಷರಶಃ ಇದೇ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಚಿಲಿಯ ಉತ್ತರ ತುದಿಯ ಅರಿಕಾದಲ್ಲಿ ವರ್ಷದ ಸರಾಸರಿ ಒಂದು ಮಿಲಿಮೀಟರಿಗೂ ಕಡಿಮೆ. ಅಲ್ಲಿ 1903ರಿಂದ 1918ರವರೆಗೆ, ಹದಿನಾಲ್ಕು ವರ್ಷ ಮೀರಿ, ಒಂದು ಹನಿಯೂ ದಾಖಲಾಗಲಿಲ್ಲ.

ವ್ಯತ್ಯಾಸವಿರುವುದು ನೀರಿನ ಬಿಸಿಯಲ್ಲಿ. ಅರಬ್ಬಿ ಸಮುದ್ರ ಬೆಚ್ಚಗಿದೆ. ಅದರ ಮೇಲಿನ ಗಾಳಿ ನೀರಾವಿ ಹೊತ್ತು ಮೇಲೇರುತ್ತದೆ, ಘಟ್ಟಕ್ಕೆ ತಾಗಿ ಇನ್ನೂ ಏರುತ್ತದೆ, ತಣಿದು ಸುರಿಯುತ್ತದೆ. ಚಿಲಿ ಮತ್ತು ಪೆರುವಿನ ಕಡಲು ತಣ್ಣಗಿದೆ. ದಕ್ಷಿಣ ಧ್ರುವದ ಕಡೆಯಿಂದ ದಡದ ಗುಂಟ ಹರಿದು ಬರುವ ಪ್ರವಾಹ ಒಂದೆಡೆ. ಗಾಳಿ ಮೇಲ್ಪದರದ ನೀರನ್ನು ದಡದಿಂದಾಚೆಗೆ ತಳ್ಳಿದಾಗ ಆಳದಿಂದ ಮೇಲೆ ಬರುವ ತಣ್ಣೀರು ಇನ್ನೊಂದೆಡೆ. 1802ರಲ್ಲಿ ಪೆರುವಿನ ದಡದಲ್ಲಿ ಈ ನೀರಿನ ತಾಪ ಅಳೆದ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಅವರ ಹೆಸರನ್ನೇ ಆ ಪ್ರವಾಹಕ್ಕೆ ಇಟ್ಟಿದ್ದಾರೆ.

ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಿರುತ್ತದೆ, ಭಾರವಾಗಿರುತ್ತದೆ. ಅದರ ಮೇಲೆ, ಪೆಸಿಫಿಕ್‌ನ ಅಧಿಕ ಒತ್ತಡದ ವಲಯದಿಂದ ಕೆಳಗಿಳಿಯುವ ಒಣ, ಬಿಸಿ ಗಾಳಿಯ ಪದರ ಕೂತಿದೆ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು; ಇಲ್ಲಿ ಸುಮಾರು ಒಂದು ಸಾವಿರ ಮೀಟರ್ ಎತ್ತರದಲ್ಲಿ ತಿರುವುಮುರುವಾಗಿ ಬಿಸಿಯಾಗುತ್ತದೆ. ಕೆಳಗಿನ ತೇವದ ಗಾಳಿ ಆ ಮುಚ್ಚಳವನ್ನು ಒಡೆದು ಮೇಲೇರಲಾರದು. ಏರಲಾರದ ಮೋಡ ಸುರಿಯಲಾರದು. ಪೂರ್ವದಿಂದ, ಅಮೆಜಾನಿನ ಕಡೆಯಿಂದ ಬರಬಹುದಾಗಿದ್ದ ತೇವವನ್ನು ಆಂಡಿಸ್ ಪರ್ವತಗಳು ಮೊದಲೇ ತಡೆದುಬಿಟ್ಟಿವೆ.

ಹಾಗಾಗಿ ಮೋಡ ಕೆಳಗೇ ಉಳಿಯುತ್ತದೆ. ಕಡಲ ಮೇಲೆ ಹಾಸಿದಂತೆ ಹರಡಿದ ಆ ತೆಳು ಮೋಡ ಗಾಳಿಯೊಂದಿಗೆ ದಡಕ್ಕೆ ಬಂದು, ಕಡಲಿಗೆದುರಾಗಿ ನಿಂತ ಕರಾವಳಿ ಬೆಟ್ಟಸಾಲಿಗೆ ತಾಗುತ್ತದೆ. ದಡದಲ್ಲಿ ನಿಂತವರಿಗೆ ಅದು ಮೋಡ, ಬೆಟ್ಟದ ನಡುವಿನಲ್ಲಿ ನಿಂತವರಿಗೆ ಮಂಜು. ಚಿಲಿಯವರು ಅದನ್ನು ಕಾಮಾಂಚಾಕಾ ಎನ್ನುತ್ತಾರೆ. ಬೆಟ್ಟದ ಮುನ್ನೂರು ಮೀಟರಿನಿಂದ ಸಾವಿರ ಮೀಟರಿನ ನಡುವೆ, ಜಾಗಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗಿ, ಈ ಮಂಜಿನ ಪಟ್ಟಿ ಇರುತ್ತದೆ. ಅದರ ಕೆಳಗೂ ಒಣನೆಲ, ಮೇಲೂ ಒಣನೆಲ. ಪಟ್ಟಿಯೊಳಗೆ ಮಾತ್ರ ಹಸಿರು.

ಈ ಮಂಜು ಏನು ಮಾಡಬಲ್ಲದೆಂಬುದಕ್ಕೆ ಫ್ರಾಯ್ ಹೋರ್ಹೆ ರಾಷ್ಟ್ರೀಯ ಉದ್ಯಾನ ಸಾಕ್ಷಿ. ವರ್ಷಕ್ಕೆ ನೂರೈವತ್ತು ಮಿಲಿಮೀಟರ್ ಆಸುಪಾಸಿನ ಮಳೆಯ ಆ ಅರೆಮರುಭೂಮಿಯಲ್ಲಿ, ಕಡಲಿನೆದುರಿನ ಬೆಟ್ಟದ ನೆತ್ತಿಯಲ್ಲಿ, ನಿತ್ಯಹಸಿರಿನ ಕಾಡಿನ ತುಂಡುಗಳಿವೆ. ಅಂಥ ಕಾಡು ಮತ್ತೆ ಕಾಣುವುದು ನೂರಾರು ಕಿಲೋಮೀಟರ್ ದಕ್ಷಿಣದ ಮಳೆನಾಡಿನಲ್ಲಿ. ಕಾಡಿನಿಂದ ಸ್ವಲ್ಪ ಕೆಳಗಿಳಿದರೆ ಕಳ್ಳಿಗಳ ಸೀಮೆ.

ಡಾರ್ವಿನ್ ಕಂಡ ಪಟ್ಟಿ

1835ರ ಜುಲೈನಲ್ಲಿ ಬೀಗಲ್ ಹಡಗು ಇಕಿಕೆಗೆ ಬಂತು. ಆಗ ಅದು ಪೆರುವಿಗೆ ಸೇರಿತ್ತು. ಚಿಲಿಯ ವಶವಾದದ್ದು 1879ರಲ್ಲಿ ಶುರುವಾದ ಯುದ್ಧದ ನಂತರ. ಹಡಗಿನಲ್ಲಿದ್ದ ಚಾರ್ಲ್ಸ್ ಡಾರ್ವಿನ್ ಒಳನಾಡಿನ ಪೆಟ್ಲುಪ್ಪಿನ ಗಣಿ ನೋಡಲು ಬೆಟ್ಟ ಹತ್ತಿದರು. ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿ, ಆ ಋತುವಿನಲ್ಲಿ ಮೋಡ ತಂಗುವ ಜಾಗದಲ್ಲಿ, ಬಂಡೆಯ ಸಂದುಗಳಲ್ಲಿ ಒಂದಿಷ್ಟು ಕಳ್ಳಿಗಳನ್ನೂ, ಮರಳಿನ ಮೇಲೆ ಯಾವುದಕ್ಕೂ ಅಂಟಿಕೊಳ್ಳದೆ ಚೆಲ್ಲಿದ್ದ ಕಲ್ಲುಹೂವನ್ನೂ ಕಂಡು ಬರೆದಿಟ್ಟರು. ಅಲ್ಲಿಂದಾಚೆಗೆ ಹೋದಷ್ಟೂ ಬರೀ ಬೆಂಗಾಡು. ಅವರು ಆ ಕಳ್ಳಿಯ ಜಾತಿ ಹೇಳಿಲ್ಲ. ಆದರೆ ಸಸ್ಯಗಳು ಮೋಡದ ಎತ್ತರಕ್ಕೆ ಅಂಟಿಕೊಂಡಿವೆ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು. ಇಕಿಕೆಯ ಹೆಸರನ್ನೇ ಹೊತ್ತ ಯುಲಿಕ್ನಿಯಾ ವಿಜ್ಞಾನದ ದಾಖಲೆಗೆ ಸೇರಿದ್ದು ಅದಾದ ಎಷ್ಟೋ ಕಾಲಕ್ಕೆ. 1904ರಲ್ಲಿ ಜರ್ಮನಿಯ ಕಾರ್ಲ್ ಶೂಮನ್ ಅದನ್ನು ಬೇರೊಂದು ಕುಲದಲ್ಲಿಟ್ಟು ವರ್ಣಿಸಿದರು. 1920ರಲ್ಲಿ ಅಮೆರಿಕದ ಬ್ರಿಟನ್ ಮತ್ತು ರೋಸ್ ಅದನ್ನು ಯುಲಿಕ್ನಿಯಾಕ್ಕೆ ತಂದರು.

ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ನೆಂಟರು ಈ ಕಳ್ಳಿಯ ಮೈಮೇಲೂ ದಂಡಿಯಾಗಿ ಬೆಳೆಯುತ್ತವೆ. ಬೂದು, ಹಳದಿ, ತಿಳಿಹಸಿರು. ಕೆಲವು ಗಡ್ಡದ ಹಾಗೆ ಇಳಿಬಿದ್ದಿರುತ್ತವೆ. ಪಪೋಸೊ ಬಳಿ ಕಳ್ಳಿಯ ಮೇಲೆ ಟಿಲ್ಲಾಂಡ್ಸಿಯಾ ಎಂಬ ಅನಾನಸ್ ಕುಟುಂಬದ ಪುಟ್ಟ ಗಿಡವೂ ಮನೆ ಮಾಡುತ್ತದೆ. ಇವು ಕಳ್ಳಿಯ ರಸ ಹೀರುವುದಿಲ್ಲ; ಅವಕ್ಕೆ ಬೇಕಾದದ್ದು ಗಾಳಿಗೆದುರಾಗಿ ನಿಲ್ಲುವ ಒಂದು ಕಂಬ. ಆ ಬೋಳು ಬೆಟ್ಟದಲ್ಲಿ ಕಂಬವಾಗಿ ಸಿಗುವುದು ಕಳ್ಳಿಯೊಂದೇ. ಕಳ್ಳಿಯ ಮೈಮೇಲೆ ಕಲ್ಲುಹೂವು ದಟ್ಟವಾಗಿದ್ದರೆ ಅಲ್ಲಿಗೆ ಮಂಜು ತಪ್ಪದೆ ಬರುತ್ತಿದೆ ಎಂದೇ ಅರ್ಥ.

ಕಳ್ಳಿ ಮಂಜನ್ನು ಕುಡಿಯುವುದು ಹೇಗೆ? ಮಂಜಿನ ಹನಿ ಎಷ್ಟು ಸಣ್ಣದೆಂದರೆ ತಾನಾಗಿ ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲಿ ತೇಲುತ್ತ ಅಡ್ಡಡ್ಡ ಸಾಗುತ್ತದೆ. ಅದನ್ನು ಹಿಡಿಯಲು ಅಗಲವಾದ ಗೋಡೆಗಿಂತ ತೆಳ್ಳಗಿನ ಎಳೆ ಮೇಲು. ಗೋಡೆ ಎದುರಾದರೆ ಗಾಳಿ ಹನಿಯೊಂದಿಗೆ ಸುತ್ತಿ ಹೋಗುತ್ತದೆ. ಎಳೆಯಾದರೆ ಗಾಳಿ ಮುಂದೆ ಹೋಗಿ ಹನಿ ತಾಗಿ ಉಳಿಯುತ್ತದೆ. ಮುಳ್ಳು ಅಂಥ ಎಳೆ. ಮುಳ್ಳಿಗೆ, ಕಲ್ಲುಹೂವಿನ ಗಡ್ಡಕ್ಕೆ ತಾಗಿದ ಹನಿಗಳು ಕೂಡಿ ದಪ್ಪವಾಗಿ ಕಾಂಡದ ಏಣುಗಳ ನಡುವಿನ ಕಾಲುವೆಯಲ್ಲಿ ಇಳಿದು ಬುಡ ಸೇರುತ್ತವೆ. ಬೇರುಗಳು ಆಳಕ್ಕೆ ಹೋಗುವ ಗೊಡವೆಗೆ ಬೀಳದೆ ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡಿರುತ್ತವೆ. ಮೆಕ್ಸಿಕೊ ಮೂಲದ ಒಂದು ಪಾಪಾಸುಕಳ್ಳಿಯ ಮುಳ್ಳಿನ ತುದಿಯಲ್ಲಿ ಕೂತ ಹನಿ, ಮುಳ್ಳಿನ ಶಂಕುವಿನಾಕಾರದಿಂದಲೂ ಅದರ ಮೇಲಿನ ಸೂಕ್ಷ್ಮ ಗೀರುಗಳಿಂದಲೂ, ತಾನಾಗಿ ಬುಡದತ್ತ ಸರಿಯುತ್ತದೆಂದು ಚೀನಾದ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಎಲ್ಲ ಕಳ್ಳಿಗಳ ಮುಳ್ಳೂ ಹಾಗೆಯೇ ಎನ್ನಲಾಗದು. ತೆಳು ಎಳೆಗೆ ಹನಿ ಸಿಗುತ್ತದೆಂಬುದು ಮಾತ್ರ ಎಲ್ಲ ಕಡೆಗೂ ಸಲ್ಲುವ ಮಾತು.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದರಲ್ಲೂ ಕಳ್ಳಿ ಜಿಪುಣ. ಬೇರೆ ಗಿಡಗಳು ಹಗಲಿನಲ್ಲಿ ಸೂಕ್ಷ್ಮರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ, ಆಗ ನೀರಾವಿಯೂ ಹೊರಟುಹೋಗುತ್ತದೆ. ಕಳ್ಳಿ ರಂಧ್ರ ತೆರೆಯುವುದು ರಾತ್ರಿ. ಎಳೆದುಕೊಂಡ ಅನಿಲವನ್ನು ಆಮ್ಲವಾಗಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಬಿಸಿಲಿನಿಂದ ಅದನ್ನು ಸಕ್ಕರೆಯಾಗಿಸುತ್ತದೆ. ರಾತ್ರಿ ಎಂದರೆ ಚಳಿ. ಮಂಜಿನ ಸೀಮೆಯಲ್ಲಿ ತೇವವೂ ಹೌದು. ಬಾಗಿಲು ತೆರೆದರೂ ನಷ್ಟ ಕಡಿಮೆ.

ಮಂಜಿನ ಹನಿ ಎಳೆಗೆ ಸಿಗುತ್ತದೆಂಬ ಇದೇ ಲೆಕ್ಕದ ಮೇಲೆ ಮನುಷ್ಯರೂ ಬಲೆ ಕಟ್ಟಿದರು. ಲಾ ಸೆರೆನಾ ನಗರದ ಉತ್ತರಕ್ಕೆ ಎಲ್ ತೋಫೊ ಎಂಬ ಹಳೆಯ ಕಬ್ಬಿಣದ ಗಣಿಯ ಬೆಟ್ಟದಲ್ಲಿ, ಒಂದೊಂದೂ 48 ಚದರ ಮೀಟರಿನ ಪ್ಲಾಸ್ಟಿಕ್ ಬಲೆಗಳನ್ನು ಸಾಲಾಗಿ ನಿಲ್ಲಿಸಿ, ಕೆಳಗಿನ ಚುಂಗುಂಗೊ ಎಂಬ ಬೆಸ್ತರ ಹಳ್ಳಿಗೆ 1992ರಿಂದ ಕೊಳವೆಯಲ್ಲಿ ನೀರು ಕೊಟ್ಟರು. ಚದರ ಮೀಟರಿಗೆ ದಿನಕ್ಕೆ ಸರಾಸರಿ ಮೂರು ಲೀಟರ್. ಒಟ್ಟು ದಿನಕ್ಕೆ ಸುಮಾರು 15,000 ಲೀಟರ್. ಅಲ್ಲಿಯವರೆಗೆ ಲಾರಿ ನೀರಿಗೆ ಕಾಯುತ್ತಿದ್ದ ಊರದು. ಮುಂದೆ ಬಲೆಗಳ ದೇಖರೇಖಿ ನಿಂತು ಎಲ್ಲ ಪಾಳುಬಿತ್ತು. ಆದರೂ ಮಂಜಿನಲ್ಲಿ ಎಷ್ಟು ನೀರಿದೆಯೆಂಬ ಲೆಕ್ಕ ಅಲ್ಲಿಂದ ಜಗತ್ತಿಗೆ ಸಿಕ್ಕಿತು. ಇಕಿಕೆಯ ದಕ್ಷಿಣಕ್ಕೆ ಆಲ್ತೊ ಪತಾಚೆ ಎಂಬಲ್ಲಿ ಚಿಲಿಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಮಂಜು ಸಂಶೋಧನಾ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ.

ಮುಳ್ಳಿನ ಮೇಲೆ ಮೊಳೆಯುವ ಬಂದಳಿಕೆ

ಮುಳ್ಳು ಕಾವಲಿಗೂ ಹೌದು. ಆದರೆ ಯಾರಿಂದ? ಗ್ವಾನಾಕೊ ಎಂಬ ಒಂಟೆಯ ಬಳಗದ ಕಾಡುಪ್ರಾಣಿ, ಯುರೋಪಿಯನ್ನರು ತಂದ ಆಡು, ಇವು ಸರಿ. ಚಿಲಿಯಲ್ಲಿ ಇನ್ನೊಂದು ಶತ್ರುವಿದೆ, ಅದು ಹಾರಿ ಬರುತ್ತದೆ.

ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆ ನಮಗೆ ಗೊತ್ತು. ಚಿಲಿಯ ಟ್ರಿಸ್ಟೆರಿಕ್ಸ್ ಅಫಿಲ್ಲಸ್ ಎಂಬ ಬಂದಳಿಕೆಗೆ ಎಲೆಯೇ ಇಲ್ಲ. ಅದು ಬದುಕುವುದು ಕಳ್ಳಿಯ ಮೈಯೊಳಗೆ. ಆಸರೆಯಾಗುವ ಕಳ್ಳಿಗಳಲ್ಲಿ ಯುಲಿಕ್ನಿಯಾ ಅಸಿಡಾ ಒಂದು. ಬಂದಳಿಕೆಯ ಹಣ್ಣು ತಿನ್ನುವ ತೆಂಕಾ ಎಂಬ ಹಕ್ಕಿ ಕಳ್ಳಿಯ ತುದಿಯಲ್ಲಿ ಕೂತು ಹಿಕ್ಕೆ ಹಾಕುತ್ತದೆ. ಅದರಲ್ಲಿನ ಅಂಟು ಬೀಜ ಎಷ್ಟೋ ಸಲ ಮುಳ್ಳಿಗೇ ಅಂಟಿ ನಿಲ್ಲುತ್ತದೆ. ಅಲ್ಲಿಂದ ಕಾಂಡ ತಲುಪಬೇಕು. ಬೀಜ ಮೊಳೆತು ಕೆಂಪನೆಯ ಎಳೆಬೇರೊಂದನ್ನು ಚಾಚುತ್ತದೆ. ಅದು ಕೆಲವೊಮ್ಮೆ ಹತ್ತು ಸೆಂಟಿಮೀಟರಿನವರೆಗೂ ಬೆಳೆದು ಕಾಂಡದ ಚರ್ಮ ಹುಡುಕುತ್ತದೆ. ಮುಟ್ಟಿದರೆ ಒಳನುಗ್ಗುತ್ತದೆ, ಮುಟ್ಟದಿದ್ದರೆ ಒಣಗಿ ಸಾಯುತ್ತದೆ. ಒಳಹೊಕ್ಕ ಬಂದಳಿಕೆ ವರ್ಷಕ್ಕೂ ಮಿಗಿಲು ಕಾಲ ಹೊರಗೆ ಯಾವ ಗುರುತೂ ಕೊಡುವುದಿಲ್ಲ. ಆಮೇಲೊಂದು ದಿನ ಕಾಂಡ ಸೀಳಿ ಕೆಂಪು ಹೂಗೊಂಚಲು ಹೊರಬರುತ್ತದೆ. ಬಿಳಿ ಹೂವಿನ ಕಳ್ಳಿಯಲ್ಲಿ ಕೆಂಪು ಹೂ ಕಂಡರೆ ಅದು ಕಳ್ಳಿಯದಲ್ಲ. ಅದರ ಮಕರಂದಕ್ಕೆ ಹಮ್ಮಿಂಗ್‌ಬರ್ಡ್ ಬರುತ್ತದೆ, ಹಣ್ಣಿಗೆ ಮತ್ತೆ ತೆಂಕಾ ಬರುತ್ತದೆ.

ಚಿಲಿಯ ಪರಿಸರ ವಿಜ್ಞಾನಿ ರೊಡ್ರಿಗೊ ಮೆದೆಲ್ ಮತ್ತು ಸಂಗಡಿಗರು ಇದನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಅವರ ವಾದದ ತಿರುಳು ಇಷ್ಟು: ಉದ್ದ ಮುಳ್ಳಿನ ಕಳ್ಳಿಯ ಮೇಲೆ ಹಕ್ಕಿ ಕೂರಲು ಹಿಂಜರಿಯುತ್ತದೆ, ಕೂತು ಹಿಕ್ಕೆ ಹಾಕಿದರೂ ಬೀಜ ಕಾಂಡದಿಂದ ದೂರ ಉಳಿಯುತ್ತದೆ. ಬಂದಳಿಕೆ ಹಿಡಿದ ಕಳ್ಳಿ ಹೂ-ಹಣ್ಣು ಕಡಿಮೆ ಬಿಡುವುದರಿಂದ, ತಲೆಮಾರುಗಳು ಕಳೆದಂತೆ ಉದ್ದ ಮುಳ್ಳಿನವಕ್ಕೆ ಮೇಲುಗೈ. ಮುಳ್ಳಿನ ಉದ್ದ ಹೆಚ್ಚಲು ನೀರು, ಬಿಸಿಲು, ಮೇಯುವ ಬಾಯಿಗಳ ಜೊತೆ ಒಂದು ಹಕ್ಕಿಯ ಹೊಟ್ಟೆಯೂ ಕಾರಣವಾಗಬಹುದು!

ಮನುಷ್ಯರಿಗೂ ಆ ಮುಳ್ಳು ಬೇಕಾಗಿತ್ತು. ಅಮೆರಿಕದ ಪುರಾತತ್ವಜ್ಞ ಜೂನಿಯಸ್ ಬರ್ಡ್ 1940ರ ದಶಕದ ಆರಂಭದಲ್ಲಿ ಅರಿಕಾ ಬಳಿಯ ಕ್ವಿಯಾನಿ ಎಂಬಲ್ಲಿ ಕಡಲಂಚಿನ ತಿಪ್ಪೆದಿಣ್ಣೆಗಳನ್ನು ಅಗೆದಾಗ, ಕೆಳಪದರದಲ್ಲಿ ಚಿಪ್ಪಿನಿಂದ ಕೊರೆದ ಮೀನುಗಾಳ ಸಿಕ್ಕಿತು, ಅದರ ಮೇಲಿನ ಪದರದಲ್ಲಿ ಕಳ್ಳಿಮುಳ್ಳಿನ ಗಾಳ. ಮರವಿಲ್ಲದ, ಲೋಹದ ಬಳಕೆ ಇನ್ನೂ ಬಾರದ ಆ ದಡದ ಬೆಸ್ತರು ತಲೆಯೆತ್ತಿ ಬೆಟ್ಟ ನೋಡಿದರೆ ಕಾಣುತ್ತಿದ್ದದ್ದು ಕಳ್ಳಿಯೇ. ನಂತರದ ಕಾಲದಲ್ಲಿ ಕಡಲಸಿಂಹದ ಚರ್ಮಕ್ಕೆ ಗಾಳಿ ತುಂಬಿ ತೆಪ್ಪ ಮಾಡಿ ಮೀನು ಹಿಡಿಯುತ್ತಿದ್ದ ಚಾಂಗೊ ಜನ ಇದೇ ಕರಾವಳಿಯವರು. ಚಿಲಿ ಸರ್ಕಾರ ಅವರನ್ನು ಮೂಲನಿವಾಸಿಗಳೆಂದು ಕಾನೂನಿನಲ್ಲಿ ಒಪ್ಪಿಕೊಂಡದ್ದು 2020ರಲ್ಲಿ.

ಹಣ್ಣೂ ಇದೆ. ಯುಲಿಕ್ನಿಯಾ ಅಸಿಡಾದ ಹಣ್ಣಿಗೆ ಕೋಪಾವೋ ಎನ್ನುತ್ತಾರೆ. ಎಲ್ಕಿ, ಲಿಮರಿ ಕಣಿವೆಗಳಲ್ಲಿ ಗುಡ್ಡದಿಂದ ಕಿತ್ತು ತಂದು ಮಾರುತ್ತಾರೆ. ತಿರುಳು ರಸಭರಿತ, ಹುಳಿ. ಹಾಗೇ ತಿನ್ನುವುದಕ್ಕಿಂತ ಶರಬತ್ತು, ಐಸ್‌ಕ್ರೀಮ್‌ಗಳಿಗೆ ಹೆಚ್ಚು ಹೊಂದುತ್ತದೆ. ಆಡು ಮೇಯಿಸುವ ಕುಟುಂಬಗಳಿಗೆ ಇದೊಂದು ಪುಟ್ಟ ಆದಾಯ.

ನಿಂತಲ್ಲೇ ಸತ್ತವು

ಇಕಿಕೆಯಿಂದ ಅಂತೊಫಗಾಸ್ತಾವರೆಗಿನ ಕಡಲ ದಾರಿಯಲ್ಲಿ ಬೆಟ್ಟದ ಇಳಿಜಾರಿನತ್ತ ನೋಡಿದರೆ ಅಲ್ಲಲ್ಲಿ ಬೂದು ಕಂಬಗಳು ಕಾಣುತ್ತವೆ. ಅವು ಯುಲಿಕ್ನಿಯಾ ಇಕಿಕೆನ್ಸಿಸ್‌ನ ಸತ್ತ ಕಾಂಡಗಳು. ಮಳೆಯಿಲ್ಲದ ನೆಲದಲ್ಲಿ ಕೊಳೆಯುವುದೂ ನಿಧಾನ. ಸತ್ತ ಗಿಡ ಬಹುಕಾಲ ನಿಂತೇ ಇರುತ್ತದೆ. ಕೆಲವೆಡೆ ಕೆಳಗಿನವೆಲ್ಲ ಸತ್ತು ಮೇಲಿನವು ಮಾತ್ರ ಹಸಿರು. ಕೆಲವೆಡೆ ಇಡೀ ಗುಂಪೇ ಸತ್ತಿದೆ. ಬದುಕಿರುವ ಮುದಿಗಿಡಗಳ ಸುತ್ತ ಎಳೆಯ ಸಸಿ ಕಾಣುವುದು ಅಪರೂಪ.

ಸಸಿ ಏಕಿಲ್ಲ ಎಂಬುದಕ್ಕೆ ಉತ್ತರ ಮಂಜಿನ ಮಿತಿಯಲ್ಲಿದೆ. ಎತ್ತರ ಬೆಳೆದ, ಮೈತುಂಬ ಮುಳ್ಳಿರುವ ಗಿಡ ಗಾಳಿಯಿಂದ ಹನಿ ಹಿಡಿಯಬಲ್ಲದು. ಈಗಷ್ಟೇ ಮೊಳೆತ, ನೆಲಮಟ್ಟದ ಸಸಿಗೆ ಆ ಬಲೆಯಿಲ್ಲ. ಬೀಜ ಮೊಳೆತು ನೆಲೆಯೂರಲು ಮಣ್ಣು ಚೆನ್ನಾಗಿ ತೊಯ್ಯಬೇಕು, ಅಂದರೆ ಮಳೆಯೇ ಬೇಕು. ಅಂಥ ಮಳೆ ಅಲ್ಲಿಗೆ ಬರುವುದು ಎಲ್ ನಿನ್ಯೊದಂಥ ಏರುಪೇರಿನ ವರ್ಷಗಳಲ್ಲಿ. ಬಂದಾಗ ಅನಾಹುತವನ್ನೂ ತರುತ್ತದೆ: 1991ರ ಜೂನ್‌ನಲ್ಲಿ ಅಂತೊಫಗಾಸ್ತಾದಲ್ಲಿ ಕೆಲವೇ ಗಂಟೆ ಸುರಿದ ಸುಮಾರು 40 ಮಿಲಿಮೀಟರ್ ಮಳೆಗೆ ಬೆಟ್ಟದ ಕೆಸರು ಇಳಿದು ಹತ್ತಾರು ಜನ ಸತ್ತರು. ಒಟ್ಟಿನಲ್ಲಿ ಈ ಕಳ್ಳಿಗೆ ಎರಡು ನೀರು ಬೇಕು. ಹುಟ್ಟಲು ಎಂದೋ ಬರುವ ಮಳೆ, ಬಾಳಲು ದಿನವೂ ಬರುವ ಮಂಜು. ಎರಡರಲ್ಲಿ ಒಂದು ತಪ್ಪಿದರೂ, ಕಾಲ ಹಿಡಿಯಬಹುದು, ಆದರೆ ಅಂತ್ಯ ಒಂದೇ.

2011ರಲ್ಲಿ ಜರ್ಮನಿ ಮತ್ತು ಚಿಲಿಯ ಸಂಶೋಧಕರು ಈ ಕರಾವಳಿಯ ಸಸ್ಯಗಳ ಸಾವನ್ನೂ ಹವಾಮಾನ ದಾಖಲೆಗಳನ್ನೂ ಜೊತೆಗಿಟ್ಟು ನೋಡಿದರು. 20ನೇ ಶತಮಾನದುದ್ದಕ್ಕೂ ಈ ಕರಾವಳಿಯ ಮಳೆ ಇಳಿಮುಖವಾಗಿತ್ತು. ಮೋಡದ ಸ್ವಭಾವದಲ್ಲಿನ ಬದಲಾವಣೆಯೂ ಅನುಮಾನದ ಪಟ್ಟಿಯಲ್ಲಿದೆ. ಬಿಸಿಗಾಳಿಯ ಮುಚ್ಚಳ ಕೊಂಚ ಮೇಲೆ ಕೆಳಗೆ ಸರಿದರೂ ಮೋಡ ಬೆಟ್ಟಕ್ಕೆ ತಾಗುವ ಎತ್ತರ ಬದಲಾಗುತ್ತದೆ. ಮಂಜು ನೂರು ಮೀಟರ್ ಮೇಲೇರಿದರೆ ಕೆಳಗಿನ ನೂರು ಮೀಟರಿನ ಕಳ್ಳಿಗಳಿಗೆ ನೀರು ನಿಂತಂತೆ. ಮೇಲೆ ಹೊಸ ಜಾಗ ತೆರೆಯಿತಲ್ಲ ಎನ್ನಬಹುದು. ಆದರೆ ಅಲ್ಲಿ ಸಸಿ ಏಳಲು ಮಳೆಯೂ ಬೇಕು. ಬೆಟ್ಟವೂ ಒಂದು ಎತ್ತರದಲ್ಲಿ ಮುಗಿಯುತ್ತದೆ.

ಬೇಲಿ ಎಲ್ಲಿ ಹಾಕುವುದು?

ಕಳ್ಳಿಗಳನ್ನು ಕಾಪಾಡುವ ಕಾನೂನುಗಳಿಗೆ ಕೊರತೆಯಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದಲ್ಲಿ ಬಹುಮಟ್ಟಿಗೆ ಇಡೀ ಕ್ಯಾಕ್ಟಸ್ ಕುಟುಂಬವೇ ಪಟ್ಟಿಯಾಗಿದೆ. ಮಳೆಗೋಲಿಗೂ ಅಲ್ಲಿ ಪ್ರತ್ಯೇಕ ನಿಯಮವಿದೆ: ಪ್ರವಾಸಿಯೊಬ್ಬ ಸ್ವಂತಕ್ಕೆಂದು ಪರವಾನಗಿಯಿಲ್ಲದೆ ಒಯ್ಯಬಹುದಾದದ್ದು ಮೂರು ಕೋಲು. 2015ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆ 1,478 ಕ್ಯಾಕ್ಟಸ್ ಪ್ರಭೇದಗಳನ್ನು ಪರಿಶೀಲಿಸಿ ಅವುಗಳಲ್ಲಿ ಶೇ 31ರಷ್ಟು ಅಪಾಯದಲ್ಲಿವೆ ಎಂದಿತು. ಕಾರಣಗಳಲ್ಲಿ ಕಳ್ಳಸಾಗಣೆಯೂ ಪ್ರಮುಖ. 2020ರಲ್ಲಿ ಇಟಲಿಯ ಪೊಲೀಸರು ಚಿಲಿಯಿಂದ ಕದ್ದು ತಂದಿದ್ದ ಸಾವಿರಕ್ಕೂ ಹೆಚ್ಚು ಕಳ್ಳಿಗಳನ್ನು ಹಿಡಿದರು, ಮರುವರ್ಷ ನೂರಾರನ್ನು ಚಿಲಿಗೆ ಮರಳಿಸಿದರು. ಅವುಗಳಲ್ಲಿ ಬಹುಪಾಲು ಕೊಪಿಯಾಪೊವಾ ಎಂಬ ಚೆಲುವಾದ ಗುಂಡು ಕಳ್ಳಿ; ಯುಲಿಕ್ನಿಯಾ ಬಾಳುವ ಅದೇ ಮಂಜಿನ ಗುಡ್ಡಗಳವು.

ಯುಲಿಕ್ನಿಯಾವನ್ನು ಕದಿಯುವವರು ಹೆಚ್ಚಿಲ್ಲ. ಅದನ್ನು ತಿನ್ನುತ್ತಿರುವುದು ಕಡಲಂಚಿನ ಮನೆ, ಹೋಟೆಲು, ರಸ್ತೆ, ಗಣಿ. ಉತ್ತರದಲ್ಲಿ ಒಣಗುತ್ತಿರುವ ಆಕಾಶ. ಮೊದಲಿನ ಪಟ್ಟಿಗೆ ಬೇಲಿ ಸಾಕು. ಚನ್ಯರಾಲ್ ಬಳಿ 1985ರಲ್ಲಿ ಘೋಷಿತವಾದ ಪಾನ್ ದೆ ಅಸುಕಾರ್ ರಾಷ್ಟ್ರೀಯ ಉದ್ಯಾನದಂಥ ಕಡೆ ಅದು ಫಲ ಕೊಟ್ಟಿದೆ; ಗ್ವಾನಾಕೊ, ಕಳ್ಳಿ, ಕಲ್ಲುಹೂವು ಮೂರನ್ನೂ ಅಲ್ಲಿ ಒಟ್ಟಿಗೆ ನೋಡಬಹುದು. ಎರಡನೆಯದಕ್ಕೆ ಬೇಲಿ ನಾಟುವುದಿಲ್ಲ. ಈ ಗಿಡದ ಸೀಮೆಗೆ ಗೆರೆ ಎಳೆದದ್ದು ಮಣ್ಣಲ್ಲ, ಮೋಡ. ಮೋಡ ಸರಿದಾಗ ಉದ್ಯಾನದ ಗಡಿಕಲ್ಲು ಅದರೊಂದಿಗೆ ಸರಿಯುವುದಿಲ್ಲ.

ಆದ್ದರಿಂದ ಇಲ್ಲಿನ ಸಂರಕ್ಷಣೆಯ ಮೊದಲ ಕೆಲಸ ಲೆಕ್ಕವಿಡುವುದು. ಯಾವ ಎತ್ತರದಲ್ಲಿ ಎಷ್ಟು ಬದುಕಿವೆ, ಎಷ್ಟು ಸತ್ತಿವೆ, ಎಲ್ಲಿ ಕಲ್ಲುಹೂವು ಇನ್ನೂ ಹಸಿಯಾಗಿದೆ, ಯಾವ ಮಳೆಯ ನಂತರ ಸಸಿ ಎದ್ದವು ಎಂಬ ಲೆಕ್ಕ. ಬಾನ್ ಮತ್ತು ಕೊಲೋನ್ ವಿಶ್ವವಿದ್ಯಾಲಯಗಳ ಸಂಶೋಧಕರು ಡಿಎನ್‌ಎ ಹಿಡಿದು ಈ ಕುಲದ ವಂಶಾವಳಿ ಬಿಡಿಸುತ್ತಿರುವುದೂ ಇದರ ಭಾಗವೇ. ಯಾವ ಗುಂಪು ಯಾವುದರಿಂದ ಯಾವಾಗ ಬೇರೆಯಾಯಿತೆಂದು ತಿಳಿದರೆ, ಹಿಂದೆ ಮಂಜು ಎಲ್ಲೆಲ್ಲಿ ಒಡೆದು ಎಲ್ಲೆಲ್ಲಿ ಕೂಡಿತ್ತೆಂಬ ಸುಳಿವೂ ಸಿಗಬಹುದು. ಮಂಜಿನ ಎತ್ತರವನ್ನು ಉಪಕರಣಗಳಿಂದ ಅಳೆಯಲು ಶುರುವಾಗಿ ಕೆಲವು ದಶಕಗಳಷ್ಟೇ ಆಗಿವೆ. ಅದಕ್ಕೂ ಹಿಂದಿನ ದಾಖಲೆ ಇಳಿಜಾರಿನಲ್ಲಿ ಇನ್ನೂ ನಿಂತಿರುವ ಈ ಕಾಂಡಗಳಲ್ಲಿದೆ. ಹಸಿರು ಕಾಂಡಗಳಷ್ಟೇ ಬೂದು ಕಾಂಡಗಳನ್ನೂ ಎಣಿಸಿ ಬರೆದಿಡಬೇಕಾದ್ದು ಅದಕ್ಕೇ. ಬಿದ್ದ ಮೇಲೆ ಅವು ಎಲ್ಲಿದ್ದವೆಂದು ಹೇಳುವವರು ಯಾರೂ ಇರುವುದಿಲ್ಲ.